ಯುರೋಪಿಯಂ ಕೆಂಪಗೆ ಹೊಳೆಯುತ್ತದೆ, ಅದೇ ಲಿಗಂಡ್ ಹಾಕಿದ ಟರ್ಬಿಯಂ ಮಾತ್ರ ಕತ್ತಲು. ಯಾಕೆ?

ಹೊಸಬೀಕರ್

ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೇನೆ, ರೇರ್ ಅರ್ತ್ ಕಾಂಪ್ಲೆಕ್ಸ್‌ಗಳ ಮೇಲೆ, ಅಂದರೆ ಯುರೋಪಿಯಂನಂಥ ಲೋಹದ ಅಯಾನನ್ನು ಲಿಗಂಡ್ ಅನ್ನುವ ಅಣುಗಳು ಸುತ್ತ ಹಿಡಿದುಕೊಂಡಿರುವ ಸಂಯುಕ್ತಗಳ ಮೇಲೆ. ಎರಡು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ದಯವಿಟ್ಟು ಯಾರಾದರೂ ಬಿಡಿಸಿ.

ಮೊದಲು ಯುರೋಪಿಯಂ ಕ್ಲೋರೈಡ್, ಮೂರು ಪಾಲು ಟಿಟಿಎ (ಥೀನಾಯಿಲ್ ಟ್ರೈಫ್ಲೋರೋ ಅಸಿಟೋನ್), ಒಂದು ಪಾಲು ಫೆನಾಂತ್ರೋಲಿನ್ (ಎರಡೂ ಲಿಗಂಡ್‌ಗಳೇ) ಎಥನಾಲ್‌ನಲ್ಲಿ ಹಾಕಿ, ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಬಿಟ್ಟೆ. ತಿಳಿ ಹಳದಿ ಪುಡಿ ಬಂತು. ಕೋಣೆಯ ಲೈಟ್ ಆರಿಸಿ 365 ನ್ಯಾನೋಮೀಟರ್ ಯುವಿ ಟಾರ್ಚ್ ಹಿಡಿದರೆ ಕೆಂಡದ ಹಾಗೆ ಕೆಂಪು. ಲ್ಯಾಬ್‌ನಲ್ಲಿ ಇದ್ದವರೆಲ್ಲ ಬಂದು ನೋಡಿ ಹೋದರು.

ಖುಷಿಯಲ್ಲಿ ಅದೇ ರೆಸಿಪಿ, ಯುರೋಪಿಯಂ ಬದಲು ಟರ್ಬಿಯಂ. ಪುಡಿ ಬಂತು, ಬಣ್ಣವೂ ಹೆಚ್ಚು ಕಡಿಮೆ ಅದೇ. ಹಸಿರು ಹೊಳಪು ಬರಬೇಕಿತ್ತಲ್ವಾ? ಏನೂ ಇಲ್ಲ. ಸುಮ್ನೆ ಪುಡಿ. ಮೂರು ಸಲ ಮಾಡಿದೆ, ಮೂರು ಸಲವೂ ಹೀಗೇ.

ಇನ್ನೊಂದು ತಲೆನೋವು. ಕೆಂಪು ಪುಡಿಯನ್ನು ಮೆಥನಾಲ್‌ನಲ್ಲಿ ಕರಗಿಸಿದರೆ ಹೊಳಪು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಫೆನಾಂತ್ರೋಲಿನ್ ಹಾಕದೆ ಮಾಡಿದ ಬ್ಯಾಚ್ ಕೂಡ ಮಂಕು. ಟರ್ಬಿಯಂ ಬಾಟಲಿಯೇ ಹಾಳಾಗಿದೆಯಾ, ನನ್ನ ಕೈಯೇ ಸರಿ ಇಲ್ವಾ? ಆಮೇಲೆ ಈ ಕೆಂಪು ಪುಡಿಯನ್ನು ಬಿಳಿ ಎಲ್‌ಇಡಿ ಮೇಲೆ ಹಚ್ಚಿ ಒಂದು ದೀಪ ಮಾಡಿ ತೋರಿಸಬೇಕು ಅಂತ ಆಸೆ. ಆಗುತ್ತಾ?

ಗಡಿಬಿಡಿ

ಟರ್ಬಿಯಂ ಆಕ್ಸಿಡೈಸ್ ಆಗಿರಬೇಕು ಗುರು, 4+ ಆಗಿಬಿಟ್ಟರೆ ಹೊಳೆಯಲ್ಲ. ಇಲ್ಲಾಂದ್ರೆ ಕಾನ್ಸೆಂಟ್ರೇಷನ್ ಕ್ವೆಂಚಿಂಗ್, ಅಂದ್ರೆ ಅಯಾನುಗಳು ತೀರಾ ಒತ್ತೊತ್ತಾಗಿದ್ದು ಹೊಳಪು ಆರಿಹೋಗೋದು. ತೆಳು ಮಾಡಿ ನೋಡು.

ಕಂದೀಲು

ಗಡಿಬಿಡಿಯವರೇ, ಹೆಸರಿಗೆ ತಕ್ಕ ಉತ್ತರ :) ಟರ್ಬಿಯಂ 4+ ಇರುವ ಆಕ್ಸೈಡ್ ಕಡು ಕಂದು ಬಣ್ಣ, ನೋಡಿದರೆ ಗೊತ್ತಾಗಿಬಿಡುತ್ತದೆ. ಇವರ ಪುಡಿ ತಿಳಿ ಬಣ್ಣದ್ದು. ಕಾನ್ಸೆಂಟ್ರೇಷನ್ ಕ್ವೆಂಚಿಂಗ್ ಕೂಡ ಇಲ್ಲಿ ದೊಡ್ಡ ವಿಷಯ ಅಲ್ಲ, ಯಾಕೆಂದರೆ ಪ್ರತಿ ಲೋಹದ ಅಯಾನಿನ ಸುತ್ತ ದಪ್ಪ ಲಿಗಂಡ್‌ಗಳ ಕೋಟೆ ಇರುತ್ತದೆ, ಒಂದು ಅಯಾನ್ ಇನ್ನೊಂದರಿಂದ ದೂರವೇ ಉಳಿಯುತ್ತದೆ. ಅದೇ ರೀತಿ ಮಾಡಿದ ಯುರೋಪಿಯಂ ಪುಡಿ ಗಟ್ಟಿಯಾಗಿದ್ದಾಗಲೇ ಜೋರಾಗಿ ಹೊಳೆಯುತ್ತಿದೆಯಲ್ಲ.

ಹೊಸಬೀಕರ್, ನಿಮ್ಮ ಬಾಟಲಿ ಸರಿ ಇದೆ, ಕೈಯೂ ಸರಿ ಇದೆ. ಲಿಗಂಡ್ ತಪ್ಪು.

ಯುರೋಪಿಯಂ ಆಗಲಿ ಟರ್ಬಿಯಂ ಆಗಲಿ, ಅದರ ಹೊಳಪು 4ಎಫ್ ಕಕ್ಷೆಯ ಒಳಗೊಳಗೇ ಎಲೆಕ್ಟ್ರಾನ್ ಇಳಿಯುವುದರಿಂದ ಬರುವಂಥದ್ದು. ಆ ಜಿಗಿತಕ್ಕೆ ಕ್ವಾಂಟಂ ನಿಯಮ ಅಡ್ಡ ಬರುತ್ತದೆ. ಪೂರ್ತಿ ತಡೆಯುವುದಿಲ್ಲ, ಆದರೆ ಬಹಳ ಕಷ್ಟ ಮಾಡುತ್ತದೆ. ಹಾಗಾಗಿ ಬೆಳಕನ್ನು ನೇರವಾಗಿ ಹೀರುವುದರಲ್ಲಿ ಈ ಅಯಾನುಗಳು ಮಹಾ ಸೋಮಾರಿಗಳು. ಮೋಲಾರ್ ಅಬ್ಸಾರ್ಪ್ಷನ್ ಲೆಕ್ಕದಲ್ಲಿ 10ಕ್ಕಿಂತ ಕಡಿಮೆ. ಟಿಟಿಎಯಂಥ ಸಾವಯವ ಲಿಗಂಡ್‌ಗೆ ಅದೇ ಸಂಖ್ಯೆ ಹತ್ತು ಸಾವಿರದ ಮೇಲೆ. ಅಂದರೆ ನಿಮ್ಮ ಟಾರ್ಚ್ ಬೆಳಕನ್ನು ಹಿಡಿಯುತ್ತಿರುವುದು ಯುರೋಪಿಯಂ ಅಲ್ಲ, ಟಿಟಿಎ. ಅದು ಹಿಡಿದು ಲೋಹಕ್ಕೆ ದಾಟಿಸುತ್ತದೆ. ಅದಕ್ಕೇ ಇದನ್ನು ಆಂಟೆನಾ ಅನ್ನುವುದು. ವೈಸ್‌ಮನ್ ಅನ್ನುವವರು 1942ರಲ್ಲೇ ಇದನ್ನು ಗಮನಿಸಿದ್ದರು, ಲಿಗಂಡ್ ಹೀರುವ ಬೆಳಕನ್ನು ಹಾಯಿಸಿದರೆ ಹೊರಗೆ ಬರುವುದು ಯುರೋಪಿಯಂ ಬಣ್ಣ ಅಂತ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಲಿಗಂಡ್ ಬೆಳಕು ಹೀರಿ ಸಿಂಗ್ಲೆಟ್ ಅನ್ನುವ ಎತ್ತರದ ಶಕ್ತಿ ಮಟ್ಟಕ್ಕೆ ಏರುತ್ತದೆ, ಅಲ್ಲಿಂದ ಅದರ ಕೆಳಗಿನ ಟ್ರಿಪ್ಲೆಟ್ ಮಟ್ಟಕ್ಕೆ ಜಾರುತ್ತದೆ, ಸಾಮಾನ್ಯವಾಗಿ ಆ ಟ್ರಿಪ್ಲೆಟ್‌ನಿಂದಲೇ ಲೋಹಕ್ಕೆ ಶಕ್ತಿ ಹೋಗುವುದು. ಟಿಟಿಎ ಟ್ರಿಪ್ಲೆಟ್ ಸುಮಾರು 20,400 ವೇವ್‌ನಂಬರ್ (ಇದು ಶಕ್ತಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಶಕ್ತಿ ಜಾಸ್ತಿ) ಎತ್ತರದಲ್ಲಿದೆ. ಯುರೋಪಿಯಂ ಹೊಳೆಯುವ ಮಟ್ಟ ಸುಮಾರು 17,300. ನಡುವೆ 3,000ದಷ್ಟು ಇಳಿಜಾರು. ಶಕ್ತಿ ಆರಾಮಾಗಿ ಕೆಳಗೆ ಹರಿಯುತ್ತದೆ, ವಾಪಸ್ ಹತ್ತಲು ಆಗುವುದಿಲ್ಲ. ಟರ್ಬಿಯಂ ಹೊಳೆಯುವ ಮಟ್ಟ ಎಷ್ಟು ಗೊತ್ತಾ? ಸುಮಾರು 20,500. ಅಂದರೆ ಟಿಟಿಎ ಟ್ರಿಪ್ಲೆಟ್‌ಗೆ ಸಮಸಮ. ಇಳಿಜಾರೇ ಇಲ್ಲ. ಶಕ್ತಿ ಟರ್ಬಿಯಂಗೆ ಹೋದರೂ ಅಷ್ಟೇ ಸಲೀಸಾಗಿ ವಾಪಸ್ ಲಿಗಂಡ್‌ಗೆ ಬಂದುಬಿಡುತ್ತದೆ, ಅಲ್ಲಿ ಬಿಸಿಯಾಗಿ ಹೋಗುತ್ತದೆ. ಸಮತಟ್ಟು ಕಾಲುವೆಗೆ ನೀರು ಬಿಟ್ಟ ಹಾಗೆ.

ಟರ್ಬಿಯಂಗೆ ಎತ್ತರದ ಟ್ರಿಪ್ಲೆಟ್ ಇರುವ ಲಿಗಂಡ್ ಬೇಕು. ಅಸಿಟೈಲ್ ಅಸಿಟೋನ್ ಸುಮಾರು 25,000, ಅದಕ್ಕೆ ಹೊಂದುತ್ತದೆ. ಅದೇ ಅಸಿಟೈಲ್ ಅಸಿಟೋನ್ ಯುರೋಪಿಯಂಗೆ ಹಾಕಿದರೆ ಮಂಕು, ಇಳಿಜಾರು ಜಾಸ್ತಿಯಾಯಿತು. 2,500ರಿಂದ 4,000 ಅಂತರ ಇದ್ದರೆ ಒಳ್ಳೆಯದು ಅನ್ನುವುದು ಲ್ಯಾಬ್‌ಗಳಲ್ಲಿ ಓಡಾಡುವ ಅಂದಾಜು. ನಿಯಮ ಅಂತ ಹಿಡಿದು ಕೂರಬೇಡಿ, ಆದರೆ ಲಿಗಂಡ್ ಆರಿಸುವ ಮೊದಲು ಒಮ್ಮೆ ನೋಡಿ.

ಹೊಸ ಲಿಗಂಡ್ ಮಾಡಿದ್ದೀರಿ, ಅದರ ಟ್ರಿಪ್ಲೆಟ್ ಎಲ್ಲಿದೆ ಗೊತ್ತಿಲ್ಲ ಅಂದರೆ ಗ್ಯಾಡೊಲಿನಿಯಂ ಕಾಂಪ್ಲೆಕ್ಸ್ ಮಾಡಿ. ಅದರ ಮೊದಲ ಮಟ್ಟವೇ 32,000 ಹತ್ತಿರ ಇರುವುದರಿಂದ ಲಿಗಂಡ್‌ನಿಂದ ಅದಕ್ಕೆ ಶಕ್ತಿ ಹತ್ತುವುದಿಲ್ಲ. ದ್ರವ ಸಾರಜನಕದಲ್ಲಿ 77 ಕೆಲ್ವಿನ್‌ಗೆ ಇಳಿಸಿದರೆ ಲಿಗಂಡ್‌ನದೇ ಫಾಸ್ಫೊರೆಸೆನ್ಸ್ (ಟ್ರಿಪ್ಲೆಟ್‌ನಿಂದ ನೇರವಾಗಿ ಬರುವ ಹೊಳಪು) ಕಾಣುತ್ತದೆ. ಅದರಿಂದ ಟ್ರಿಪ್ಲೆಟ್ ಓದಿಕೊಳ್ಳಬಹುದು.

ನೀಲಿಫೋಟಾನ್

ಕಂದೀಲು ಅವರು ಟರ್ಬಿಯಂ ಮುಗಿಸಿದರು, ನಾನು ಮೆಥನಾಲ್ ವಿಷಯ ಹೇಳುತ್ತೇನೆ. ಅಲ್ಲಿ ಕಳ್ಳ ಬೇರೆ. ಮೆಥನಾಲ್‌ನಲ್ಲೂ ನೀರಲ್ಲೂ ಇರುವ ಓ–ಹೆಚ್ ಬಾಂಡ್.

ಯುರೋಪಿಯಂ ಹೊಳೆಯುವ ಮಟ್ಟದಿಂದ ಕೆಳಗಿನ ಮಟ್ಟಗಳಲ್ಲಿ ಮೇಲಿನದಕ್ಕೆ ಅಂತರ ಸುಮಾರು 12,300 ವೇವ್‌ನಂಬರ್. ನೀರಿನ ಓ–ಹೆಚ್ ಅದುರುವುದು 3,400ರ ಆಸುಪಾಸಿನಲ್ಲಿ. ಅಂದರೆ ಸುಮಾರು ನಾಲ್ಕೇ ಹೆಜ್ಜೆಯಲ್ಲಿ ಅಷ್ಟೂ ಶಕ್ತಿಯನ್ನು ನೀರು ನುಂಗಿಬಿಡುತ್ತದೆ. ಓ–ಡಿ, ಅಂದರೆ ಭಾರಜಲದ ಬಾಂಡ್, 2,500ರಲ್ಲಿ ಅದುರುತ್ತದೆ, ಅದಕ್ಕೆ ಐದು ಹೆಜ್ಜೆ ಬೇಕು. ಒಂದು ಹೆಜ್ಜೆ ಜಾಸ್ತಿ ಆದರೆ ಏನಾಯ್ತು ಅನ್ನಬೇಡಿ, ಅಲ್ಲೇ ಎಲ್ಲ ಇರುವುದು. ಯುರೋಪಿಯಂ ಕ್ಲೋರೈಡನ್ನು ಮಾಮೂಲಿ ನೀರಲ್ಲಿ ಕರಗಿಸಿದರೆ ಹೊಳಪಿನ ಲೈಫ್‌ಟೈಮ್ ಸುಮಾರು 0.11 ಮಿಲಿಸೆಕೆಂಡ್. ಭಾರಜಲದಲ್ಲಿ ಸುಮಾರು 4.1. ಹೆಚ್ಚು ಕಡಿಮೆ ನಲವತ್ತು ಪಟ್ಟು!

ಇದನ್ನೇ ಬಳಸಿಕೊಂಡು ಹಾರಕ್ಸ್ ಮತ್ತು ಸಡ್ನಿಕ್ 1979ರಲ್ಲಿ ಒಂದು ಚಂದದ ಲೆಕ್ಕ ಕೊಟ್ಟರು. ನೀರಿನಲ್ಲಿ ಕ್ಷಯದ ವೇಗ (1 ಭಾಗಿಸು ಲೈಫ್‌ಟೈಮ್), ಭಾರಜಲದಲ್ಲಿ ಕ್ಷಯದ ವೇಗ, ಎರಡರ ವ್ಯತ್ಯಾಸವನ್ನು 1.05ರಿಂದ ಗುಣಿಸಿ (ಸಮಯ ಮಿಲಿಸೆಕೆಂಡ್‌ನಲ್ಲಿ). ಬಂದದ್ದು ಲೋಹಕ್ಕೆ ಅಂಟಿರುವ ನೀರಿನ ಅಣುಗಳ ಸಂಖ್ಯೆ. ಮೇಲಿನ ಅಂಕಿ ಹಾಕಿ ನೋಡಿ. 1 ಭಾಗಿಸು 0.11 ಅಂದರೆ 9.1. 1 ಭಾಗಿಸು 4.1 ಅಂದರೆ 0.24. ವ್ಯತ್ಯಾಸ 8.85, ಗುಣಿಸಿದರೆ 9.3. ನೀರಲ್ಲಿ ಯುರೋಪಿಯಂ ಸುತ್ತ ಒಂಬತ್ತು ನೀರು! ಒಂದು ಸ್ಟಾಪ್‌ವಾಚ್‌ನಿಂದ ಅಣು ಎಣಿಸಿದ ಹಾಗಾಯಿತು. ನನಗೆ ಇಡೀ ಕೆಮಿಸ್ಟ್ರಿಯಲ್ಲಿ ಇಷ್ಟವಾದ ಲೆಕ್ಕಗಳಲ್ಲಿ ಇದೂ ಒಂದು.

ನಿಮ್ಮ ವಿಷಯಕ್ಕೆ: ಮೂರು ಟಿಟಿಎ ಸೇರಿ ಆರು ಕಡೆ ಹಿಡಿಯುತ್ತವೆ. ಯುರೋಪಿಯಂಗೆ ಎಂಟೋ ಒಂಬತ್ತೋ ಬೇಕು. ಖಾಲಿ ಇರುವ ಎರಡು ಜಾಗದಲ್ಲಿ ಫೆನಾಂತ್ರೋಲಿನ್ ಕೂರದಿದ್ದರೆ ನೀರು ಬಂದು ಕೂರುತ್ತದೆ. ಅದಕ್ಕೇ ಆ ಬ್ಯಾಚ್ ಮಂಕು. ಎರಡು ನೀರು ಇರುವ ಟಿಟಿಎ ಕಾಂಪ್ಲೆಕ್ಸ್‌ಗೆ ಘನರೂಪದಲ್ಲಿ ಕ್ವಾಂಟಂ ಯೀಲ್ಡ್ (ಹೀರಿದ ಫೋಟಾನ್‌ಗಳಲ್ಲಿ ಬೆಳಕಾಗಿ ಹೊರಬರುವ ಪಾಲು) 23 ಶೇಕಡ, ನೀರನ್ನು ತೆಗೆದು ಡೈಬೆಂಜೈಲ್ ಸಲ್ಫಾಕ್ಸೈಡ್ ಕೂರಿಸಿದರೆ 85 ಶೇಕಡ ಅಂತ ವರದಿ ಇದೆ. ಮೆಥನಾಲ್‌ನಲ್ಲಿ ಕರಗಿಸಿದಾಗ ಮೆಥನಾಲ್ ತಾನೇ ಒಳಗೆ ನುಗ್ಗಿ ಫೆನಾಂತ್ರೋಲಿನನ್ನು ಸ್ವಲ್ಪ ಮಟ್ಟಿಗೆ ಎಬ್ಬಿಸುತ್ತದೆ, ದ್ರಾವಣ ತೆಳುವಾದಷ್ಟೂ ಜಾಸ್ತಿ. ಒಣಗಿಸಿದ ಟಾಲ್ವೀನ್‌ನಲ್ಲೋ ಡೈಕ್ಲೋರೊಮೀಥೇನ್‌ನಲ್ಲೋ ಕರಗಿಸಿ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಹಳೇಫಾಸ್ಫರ್

ದೀಪದ ಆಸೆಯ ಬಗ್ಗೆ ಯಾರೂ ಮಾತಾಡಲಿಲ್ಲ, ನಾನು ನೀರೆರಚುತ್ತೇನೆ, ಬೈಯಬೇಡಿ.

ಬಿಳಿ ಎಲ್‌ಇಡಿ ಅಂದರೆ ಒಳಗೆ 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಚಿಪ್. ನಿಮ್ಮ ಪುಡಿ ಚೆನ್ನಾಗಿ ಹೀರುವುದು 350ರ ಸುತ್ತ, 400ಕ್ಕೆ ಬರುವಷ್ಟರಲ್ಲಿ ಬಾಲ ಮುಗಿಯುತ್ತದೆ. 465ರಲ್ಲಿ ಯುರೋಪಿಯಂಗೆ ತನ್ನದೇ ಒಂದು ಸಣ್ಣ ಹೀರಿಕೆ ಇದೆ, ಆದರೆ ಅದು ಕಂದೀಲು ಹೇಳಿದ ಸೋಮಾರಿ ಹೀರಿಕೆ, ಕೆಲಸಕ್ಕೆ ಬರುವುದಿಲ್ಲ. ನೀಲಿ ಚಿಪ್ ಮೇಲೆ ಹಚ್ಚಿದರೆ ನೀಲಿ ದೀಪವೇ ಉಳಿಯುತ್ತದೆ.

ಸರಿ, 395ರ ಯುವಿ ಎಲ್‌ಇಡಿ ತಗೊಳ್ಳೋಣ ಅಂತ ನಾನೂ ಒಂದು ಕಾಲದಲ್ಲಿ ಅಂದುಕೊಂಡೆ. ಇದೇ ಪುಡಿಯನ್ನು ಅಕ್ರಿಲಿಕ್ ಪ್ಲಾಸ್ಟಿಕ್‌ನಲ್ಲಿ ಬೆರೆಸಿ, ಗಾಜಿನ ಮೇಲೆ ತೆಳ್ಳಗೆ ಹರಡಿ, ಎಲ್‌ಇಡಿ ಮೇಲೆ ಕೂರಿಸಿದೆ. ಮೊದಲ ದಿನ ಅದ್ಭುತ. ಸಂಜೆ ಮನೆಗೆ ಹೋಗುವಾಗ ಆರಿಸದೆ ಹೋದೆ. ನಾಲ್ಕನೇ ದಿನ ಬಂದು ನೋಡಿದರೆ ಫಿಲ್ಮ್‌ನ ನಡುವೆ, ಸರಿಯಾಗಿ ಚಿಪ್ ಇರುವ ಜಾಗದಲ್ಲಿ, ಕಾಳಿನಷ್ಟು ಹಳದಿ ಮಚ್ಚೆ. ಅಲ್ಲಿ ಕೆಂಪೇ ಇಲ್ಲ. ಸುತ್ತ ಅಂಚಿನಲ್ಲಿ ಮಾತ್ರ ಕೆಂಪು ಉಂಗುರ ಉಳಿದಿತ್ತು. ಆಂಟೆನಾ ಸುಟ್ಟು ಹೋಗಿತ್ತು. ಟಿಟಿಎ ಜಾತಿಯ ಬೀಟಾ ಡೈಕಿಟೋನ್‌ಗಳಿಗೆ ಯುವಿ ತಡೆಯುವ ಶಕ್ತಿ ಕಡಿಮೆ. ಬೆಳಕು ಹೀರುವುದೇ ಅದರ ಕೆಲಸ, ಹೀರಿ ಹೀರಿಯೇ ಸಾಯುತ್ತದೆ.

ಹಳೇ ಟ್ಯೂಬ್‌ಲೈಟುಗಳಲ್ಲಿ ಕೆಂಪು ಕೊಡುತ್ತಿದ್ದದ್ದೂ ಯುರೋಪಿಯಂ 3+ ಅಯಾನೇ, ಆದರೆ ಇಟ್ರಿಯಂ ಆಕ್ಸೈಡ್ ಹರಳಿನೊಳಗೆ, 611 ನ್ಯಾನೋಮೀಟರ್. ಪಾದರಸದ 254 ಬೆಳಕನ್ನು ಅಲ್ಲಿ ಆಕ್ಸಿಜನ್ ಮತ್ತು ಯುರೋಪಿಯಂ ನಡುವಿನ ಚಾರ್ಜ್ ವರ್ಗಾವಣೆ ಹಿಡಿಯುತ್ತದೆ. ಸುಡಲು ಅಲ್ಲಿ ಸಾವಯವ ಭಾಗವೇ ಇಲ್ಲ. ವರ್ಷಗಟ್ಟಲೆ ಉರಿದದ್ದು ಅದಕ್ಕೇ.

ಓಎಲ್‌ಇಡಿ (ಸಾವಯವ ಪದರಕ್ಕೆ ಕರೆಂಟ್ ಹಾಯಿಸಿ ಬೆಳಕು ತೆಗೆಯುವ ದೀಪ) ಅಂತೀರಾ? ಅಲ್ಲಿ ಶುರುವಿನಲ್ಲಿ ಬಹಳ ಆಸೆ ಇತ್ತು. ಕಿಡೊ ಮತ್ತು ಜೊತೆಗಾರರು 1990ರಲ್ಲಿ ಟರ್ಬಿಯಂ ಅಸಿಟೈಲ್ ಅಸಿಟೊನೇಟ್‌ನಿಂದ ಕರೆಂಟ್ ಹಾಯಿಸಿ ಹಸಿರು ಬೆಳಕು ತೆಗೆದರು. ಎಲೆಕ್ಟ್ರಾನ್ ಮತ್ತು ಹೋಲ್ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗ) ಸೇರಿದಾಗ ನಾಲ್ಕರಲ್ಲಿ ಮೂರು ಪಾಲು ಟ್ರಿಪ್ಲೆಟ್ ಆಗುತ್ತವೆ, ಆಂಟೆನಾ ಟ್ರಿಪ್ಲೆಟ್‌ನಿಂದಲೇ ಕೊಡುವುದರಿಂದ ಏನೂ ಪೋಲಾಗುವುದಿಲ್ಲ ಅನ್ನುವ ಲೆಕ್ಕ. ಕಾಗದದ ಮೇಲೆ ಸರಿಯೇ. ಆದರೆ ಅಯಾನ್ ಒಂದು ಸಲ ಉದ್ರೇಕಗೊಂಡರೆ ಬೆಳಕು ಬಿಡಲು ಅರ್ಧ ಮಿಲಿಸೆಕೆಂಡಿನಷ್ಟು ತಗೊಳ್ಳುತ್ತದೆ. ಕರೆಂಟ್ ಜಾಸ್ತಿ ಮಾಡಿದರೆ ಎಲ್ಲ ಅಯಾನುಗಳೂ ಬ್ಯುಸಿ, ಹಿಂದೆ ಕ್ಯೂ. ಇರಿಡಿಯಂ ಕಾಂಪ್ಲೆಕ್ಸ್‌ಗಳು ಅದೇ ಕೆಲಸವನ್ನು ಒಂದೆರಡು ಮೈಕ್ರೋಸೆಕೆಂಡ್‌ನಲ್ಲಿ ಮುಗಿಸಿ ಮುಂದಿನದಕ್ಕೆ ತಯಾರು. ಮಾರುಕಟ್ಟೆ ಯಾರನ್ನು ಆರಿಸಿತು ಅಂತ ಬೇರೆ ಹೇಳಬೇಕಿಲ್ಲ.

ನೀಲಿಫೋಟಾನ್

ಹಳೇಫಾಸ್ಫರ್ ಅವರೇ, ಪೂರ್ತಿ ಒಪ್ಪಲ್ಲ. ದೀಪಕ್ಕೆ ಶಾಪವಾದ ನಿಧಾನವೇ ಬೇರೆ ಕಡೆ ವರ. ರಕ್ತದ ಸೀರಂ ಮೇಲೆ ಯುವಿ ಬಿಟ್ಟರೆ ಅದೂ ತಾನಾಗಿ ಹೊಳೆಯುತ್ತದೆ, ಆದರೆ ಆ ಹೊಳಪು ನ್ಯಾನೋಸೆಕೆಂಡ್‌ಗಳಲ್ಲಿ ಸತ್ತುಹೋಗುತ್ತದೆ. ಯುರೋಪಿಯಂ ಲೇಬಲ್ ಹಾಕಿದ ಪ್ರತಿಕಾಯ ಇದ್ದರೆ, ಫ್ಲ್ಯಾಶ್ ಹೊಡೆದು, ಒಂದಷ್ಟು ನೂರು ಮೈಕ್ರೋಸೆಕೆಂಡ್ ಸುಮ್ಮನಿದ್ದು, ಆಮೇಲೆ ಡಿಟೆಕ್ಟರ್ ಕಣ್ಣು ಬಿಟ್ಟರೆ ಸಾಕು. ಗಲಾಟೆ ಮಾಡುವವರೆಲ್ಲ ಮನೆಗೆ ಹೋಗಿರುತ್ತಾರೆ, ಯುರೋಪಿಯಂ ಒಂದೇ ಹಾಡುತ್ತಿರುತ್ತದೆ. ಹಾರ್ಮೋನ್ ಪರೀಕ್ಷೆಗಳಲ್ಲಿ ಇದು ದಶಕಗಳಿಂದ ನಡೆಯುತ್ತಿದೆ. ಅಲ್ಲಿ ಲೇಬಲ್ ಬದುಕಬೇಕಾದ್ದು ಕೆಲವು ಫ್ಲ್ಯಾಶ್ ಅಷ್ಟೇ, ವರ್ಷಗಟ್ಟಲೆ ಅಲ್ಲ.

ಫೋಟಾನಿಕ್ಸ್ ಅಂದರೆ ಎಲ್ಲರೂ ಅರ್ಬಿಯಂ ಹೆಸರು ಹೇಳುತ್ತಾರೆ, 1.54 ಮೈಕ್ರಾನ್, ಆಪ್ಟಿಕಲ್ ಫೈಬರ್ ತರಂಗ. ಗಾಜಿನೊಳಗೆ ಅದು ಹತ್ತು ಮಿಲಿಸೆಕೆಂಡ್‌ನಷ್ಟು ಬದುಕುತ್ತದೆ. ಸಾವಯವ ಕಾಂಪ್ಲೆಕ್ಸ್‌ನಲ್ಲಿ ಕೆಲವೇ ಮೈಕ್ರೋಸೆಕೆಂಡ್, ಯಾಕೆಂದರೆ ಅಂತರ ಬರೀ 6,500 ವೇವ್‌ನಂಬರ್, ಓ–ಹೆಚ್‌ಗೆ ಎರಡೇ ಹೆಜ್ಜೆ, ಸಿ–ಹೆಚ್ ಕೂಡ ಸುಮಾರು 2,900ರಲ್ಲಿ ಅದುರಿ ಕೈ ಹಾಕುತ್ತದೆ. ಲಿಗಂಡ್‌ನ ಹೈಡ್ರೋಜನ್ ತೆಗೆದು ಫ್ಲೋರಿನ್ ಹಾಕಿದರೆ ಪರಿಸ್ಥಿತಿ ಸುಧಾರಿಸುತ್ತದೆ. ಆ ದಾರಿಯಲ್ಲಿ ಇನ್ನೂ ಕೆಲಸ ಇದೆ.

ಹೊಸಬೀಕರ್

ಎಲ್ಲರಿಗೂ ಥ್ಯಾಂಕ್ಸ್! ಟಾಲ್ವೀನ್ ಟ್ರೈ ಮಾಡಿದೆ, ಮೆಥನಾಲ್ ಬಾಟಲಿ ಪಕ್ಕದಲ್ಲಿಟ್ಟರೆ ಮಂಕು ದೀಪ ಮತ್ತು ಟೇಲ್ ಲೈಟ್ ಹಾಗೆ ಕಾಣುತ್ತದೆ. ದೀಪದ ಆಸೆ ಬಿಟ್ಟೆ.

ಟರ್ಬಿಯಂ ಅಸಿಟೈಲ್ ಅಸಿಟೊನೇಟ್ ಕೂಡ ಮಾಡಿದೆ. 365 ಟಾರ್ಚ್ ಹಿಡಿದರೆ ಮತ್ತೆ ಏನೂ ಇಲ್ಲ. ಆಮೇಲೆ 254 ಲ್ಯಾಂಪ್ ತಂದು ಗಾಜಿನ ಬಾಟಲಿ ಹೊರಗಿನಿಂದ ಹಿಡಿದೆ, ಆಗಲೂ ಇಲ್ಲ. ಬೇಜಾರಾಗಿ ಸ್ವಲ್ಪ ಕರಗಿಸಿ ಟಿಎಲ್‌ಸಿ ಪ್ಲೇಟ್ (ಮಿಶ್ರಣ ಬೇರ್ಪಡಿಸಿ ನೋಡುವ ತೆಳು ಲೇಪದ ಪ್ಲೇಟ್) ಮೇಲೆ ಹನಿ ಹಾಕಿ ಲ್ಯಾಂಪ್ ಕೆಳಗಿಟ್ಟೆ. ಹಸಿರು! ಪ್ಲೇಟ್ ಪೂರ್ತಿ ಹಸಿರು! ಹರಡಿಕೊಂಡಿರಬೇಕು. ಗೆದ್ದೆವು ಅಲ್ವಾ?

ಕಂದೀಲು

ಅಯ್ಯೋ ಮಾರಾಯರೇ. ಹನಿ ಹಾಕದ ಹೊಸ ಪ್ಲೇಟನ್ನು ಅದೇ ಲ್ಯಾಂಪ್ ಕೆಳಗೆ ಇಟ್ಟು ನೋಡಿ. ಅದೂ ಹಸಿರೇ. ಆ ಪ್ಲೇಟ್‌ಗಳಲ್ಲಿ 254ಕ್ಕೆ ಹೊಳೆಯುವ ಪುಡಿ ಮೊದಲೇ ಬೆರೆಸಿರುತ್ತಾರೆ, ಸಾಮಾನ್ಯವಾಗಿ ಮ್ಯಾಂಗನೀಸ್ ಹಾಕಿದ ಜಿಂಕ್ ಸಿಲಿಕೇಟ್. ಸ್ಪಾಟ್ ಕಪ್ಪಗೆ ಕಾಣಲಿ ಅಂತ. ನೀವು ನೋಡಿದ್ದು ಪ್ಲೇಟಿನ ಬೆಳಕು. ನಾನೂ ಒಮ್ಮೆ ಇದನ್ನೇ ಗೈಡ್‌ಗೆ ಓಡಿಹೋಗಿ ತೋರಿಸಿದ್ದೆ, ಅವರು ಏನೂ ಹೇಳದೆ ಡಬ್ಬಿಯಿಂದ ಹೊಸ ಪ್ಲೇಟ್ ತೆಗೆದು ಪಕ್ಕದಲ್ಲಿಟ್ಟರು.

ಅಸಿಟೈಲ್ ಅಸಿಟೊನೇಟ್ ಹೀರುವುದು 300ರ ಕೆಳಗೆ, ಹಾಗಾಗಿ 365 ಟಾರ್ಚ್ ಅದಕ್ಕೆ ಕಾಣುವುದೇ ಇಲ್ಲ. ಟ್ರಿಪ್ಲೆಟ್ ಎತ್ತರ ಬೇಕು ಅಂದರೆ ಸಾಮಾನ್ಯವಾಗಿ ಹೀರಿಕೆಯೂ ಹೆಚ್ಚಿನ ಶಕ್ತಿಯ ಕಡೆ, ಅಂದರೆ ಚಿಕ್ಕ ತರಂಗಾಂತರಕ್ಕೆ ಹೋಗುತ್ತದೆ, ಟರ್ಬಿಯಂ ಜೊತೆ ಇದೊಂದು ಕಿರಿಕಿರಿ. ಇನ್ನು ಬಾಟಲಿ: ಮಾಮೂಲಿ ಗಾಜು 254 ಅನ್ನು ಒಳಗೆ ಬಿಡುವುದಿಲ್ಲ. ಪುಡಿಯನ್ನು ವಾಚ್‌ಗ್ಲಾಸ್ ಮೇಲೆ ತೆರೆದು ಹಾಕಿ, ಮೇಲಿನಿಂದ ಲ್ಯಾಂಪ್ ಹಿಡಿಯಿರಿ. ಪ್ರಿಂಟಿಂಗ್ ಹಾಳೆ ಮೇಲೆ ಹಾಕಬೇಡಿ, ಅದೂ ನೀಲಿ ಹೊಳೆದು ಕಣ್ಣು ಕಟ್ಟುತ್ತದೆ. ಯುವಿ ಕನ್ನಡಕ ಮತ್ತು ಗ್ಲೌಸ್ ಕಡ್ಡಾಯ, 254 ಆಟದ ಸಾಮಾನಲ್ಲ.

ಇನ್ನೊಂದು ಸುಲಭದ ದಾರಿ. ಡೈಪಿಕೊಲಿನಿಕ್ ಆಸಿಡ್ ಇದೆಯಾ? ಮೂರು ಪಾಲು ತಗೊಂಡು ನೀರಲ್ಲಿ ಬೇಸ್ ಹಾಕಿ ನ್ಯೂಟ್ರಲ್ ಮಾಡಿ, ಒಂದು ಪಾಲು ಟರ್ಬಿಯಂ ಕ್ಲೋರೈಡ್ ಸೇರಿಸಿ. ಒಂದೊಂದೂ ಮೂರು ಕಡೆ ಹಿಡಿಯುತ್ತದೆ, ಒಟ್ಟು ಒಂಬತ್ತು, ಲೋಹಕ್ಕೆ ಅಂಟಲು ನೀರಿಗೆ ಜಾಗವೇ ಇಲ್ಲ. ನೀರಲ್ಲೇ ಹಸಿರು ಹೊಳೆಯುತ್ತದೆ. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಬೀಜಕಗಳಲ್ಲಿ ಇದೇ ಆಸಿಡ್ ತುಂಬಿರುತ್ತದೆ, ಆಂಥ್ರಾಕ್ಸ್ ಬೀಜಕ ಪತ್ತೆಗೆ ಟರ್ಬಿಯಂ ಬಳಸುವ ವಿಧಾನಗಳು ಹುಟ್ಟಿದ್ದು ಇಲ್ಲಿಂದಲೇ.

ಗಡಿಬಿಡಿ

ಟಿಎಲ್‌ಸಿ ಪ್ಲೇಟ್ ವಿಷಯ ನನಗೂ ಗೊತ್ತಿರಲಿಲ್ಲ. ನನ್ನ ಮಾತು ವಾಪಸ್.

ಹೊಸಬೀಕರ್

ಹೊಸ ಪ್ಲೇಟ್ ಇಟ್ಟು ನೋಡಿದೆ. ಹಸಿರು. ನಾಚಿಕೆ ಆಯಿತು.

ಡೈಪಿಕೊಲಿನಿಕ್ ಆಸಿಡ್ ಪಕ್ಕದ ಲ್ಯಾಬ್‌ನಲ್ಲಿ ಸಿಕ್ಕಿತು. ಕ್ವಾರ್ಟ್ಜ್ ಕುವೆಟ್‌ನಲ್ಲಿ (254 ಅನ್ನು ಒಳಗೆ ಬಿಡುವ ಪುಟ್ಟ ಪಾತ್ರೆ) ಹಾಕಿ 254 ಹಿಡಿದೆ. ಈ ಸಲ ನಿಜವಾದ ಹಸಿರು, ಸ್ವಲ್ಪ ಹಳದಿ ಕಡೆ ವಾಲಿದ್ದು, ಕುವೆಟ್ ಒಳಗಿಂದಲೇ ಬರುತ್ತಿದೆ. ಬರೀ ನೀರು ಹಾಕಿದ ಕುವೆಟ್ ಪಕ್ಕದಲ್ಲಿಟ್ಟೇ ನೋಡಿದೆ, ಅದು ಕತ್ತಲು. ಸ್ಪೆಕ್ಟ್ರಮ್ ತೆಗೆಸಿದೆ: 490, 545, 585, ಆಮೇಲೆ 620ರಲ್ಲಿ ಒಂದು ಸಣ್ಣದು. ಈ 620 ನೋಡಿ ಎದೆ ಧಸಕ್ ಅಂತು. ಯುರೋಪಿಯಂ ಬೆರೆತುಬಿಟ್ಟಿದೆಯಾ?

ನೀಲಿಫೋಟಾನ್

ಇಲ್ಲ, ನಾಲ್ಕೂ ಟರ್ಬಿಯಂನವೇ. ಒಂದೇ ಮೇಲಿನ ಮಟ್ಟದಿಂದ ನಾಲ್ಕು ಬೇರೆ ಬೇರೆ ಕೆಳಗಿನ ಮಟ್ಟಕ್ಕೆ ಇಳಿದದ್ದು. ಯುರೋಪಿಯಂ ಆಗಿದ್ದರೆ ಜೋರಾದ ಗೆರೆ 615ರ ಹತ್ತಿರ, ಜೊತೆಗೆ 592ರಲ್ಲಿ ಒಂದು, 700ರ ಹತ್ತಿರ ಇನ್ನೊಂದು ಕಾಣಬೇಕು. 700ರಲ್ಲಿ ಏನಾದರೂ ಇದೆಯಾ ನೋಡಿ. ಅಂದಹಾಗೆ ಎರಡಕ್ಕೂ ಒಂದೇ ಸ್ಪಾಟುಲಾ (ಪುಡಿ ತೆಗೆಯುವ ಚಮಚ) ಬಳಸಿದಿರಾ?

ಹೊಸಬೀಕರ್

700ರಲ್ಲಿ ಒಂದು ಪುಟ್ಟ ಗೂನು ಇದೆ. ಸ್ಪಾಟುಲಾ... ಒಂದೇ. ತೊಳೆದಿದ್ದೆ ಅಂದುಕೊಂಡಿದ್ದೆ. ಈಗ ಅದರ ಮೇಲೆ ಟಾರ್ಚ್ ಬಿಟ್ಟು ನೋಡಿದೆ, ಹಿಡಿ ಸೇರುವ ಸಂದಿಯಲ್ಲಿ ಕೆಂಪು ಚುಕ್ಕೆ.